ಮಾಂಜ್ರಾ ದಂಡೆಯಲ್ಲಿ ಒಂದು ಗಾಳ

ದಸರಾ ರಜೆಗೆ ಬೆಂಗಳೂರಿನಿಂದ ಭಾತಂಬ್ರಾಕ್ಕೆ ಬಂದ ಮೊಮ್ಮಕ್ಕಳಿಬ್ಬರೂ ಮೊದಲ ದಿನವೇ ಮನೆಯ ಮೂಲೆ ಮೂಲೆ ಹುಡುಕಿದರು. ದನದ ಕೊಟ್ಟಿಗೆಯ ಜಂತಿಗೆ ಸಿಗಿಸಿದ್ದ ಬಿದಿರುಕೋಲೊಂದು ಮೊಮ್ಮಗನ ಕಣ್ಣಿಗೆ ಬಿತ್ತು. ಅದರ ತುದಿಯಲ್ಲಿ ಸುತ್ತಿದ ಹಳೆಯ ದಾರ, ದಾರಕ್ಕೆ ತುಕ್ಕು ಹಿಡಿದ ಒಂದು ಕೊಕ್ಕೆ.

"ಮುತ್ಯಾ, ಇದು ಗಾಳ ಅಲ್ವಾ? ನೀನು ಮೀನು ಹಿಡೀತಿದ್ಯಾ?"

"ಹಿಡೀತಿದ್ದೆ. ಆಮೇಲೆ ಬಿಟ್ಟೆ."

"ಯಾಕೆ ಬಿಟ್ಟೆ?"

ಅದಕ್ಕೆ ಉತ್ತರ ಹೇಳದೆ, "ನಾಳೆ ನದಿ ನೋಡಲಿಕ್ಕೆ ಹೋಗೋಣ" ಎಂದೆ. ಐವತ್ತು ವರ್ಷಕ್ಕೂ ಮಿಕ್ಕಿ ಆ ಕೋಲನ್ನು ನಾನು ಕೆಳಗಿಳಿಸಿರಲಿಲ್ಲ. ಮೊಮ್ಮಗ ಅವತ್ತೇ ಅದಕ್ಕೆ ಹೊಸ ನೈಲಾನ್ ದಾರ, ಹೊಸ ಕೊಕ್ಕೆ ಕಟ್ಟಿಸಿದ. ಮೊಮ್ಮಗಳು ಒಣಗಿದ ಜೋಳದ ದಂಟು ಮುರಿದು, ಸಿಪ್ಪೆ ಸುಲಿದು, ಒಳಗಿನ ಹಗುರ ಬೆಂಡನ್ನು ದಾರಕ್ಕೆ ಪೋಣಿಸಿದಳು. ಮೀನು ಎಳೆದರೆ ಬೆಂಡು ಮುಳುಗುತ್ತದೆ. ಗಾಳ ಹಿಡಿದವನಿಗೆ ಅದೇ ಗಡಿಯಾರ, ಅದೇ ಗಂಟೆ.

ಮೊದಲು ಕಾರಂಜಾ

ಭಾತಂಬ್ರಾ ಇರುವುದು ಬೀದರ್ ಜಿಲ್ಲೆಯ ಭಾಲ್ಕಿ ತಾಲ್ಲೂಕಿನಲ್ಲಿ. ಸುತ್ತಲೂ ಎರೆ ಹೊಲ. ಈ ದಿನಗಳಲ್ಲಿ ಸೋಯಾ ಕೊಯ್ಲಿಗೆ ಬಂದಿರುತ್ತದೆ, ತೊಗರಿ ಇನ್ನೂ ಹಸಿರಾಗಿರುತ್ತದೆ. ನಮ್ಮ ತಾಲ್ಲೂಕಿಗೆ ಎರಡು ನದಿಗಳ ನಂಟು: ಒಂದು ಕಾರಂಜಾ, ಇನ್ನೊಂದು ಮಾಂಜ್ರಾ. ಕಾರಂಜಾ ಮಾಂಜ್ರಾವನ್ನು ಸೇರುತ್ತದೆ, ಮಾಂಜ್ರಾ ಗೋದಾವರಿಯನ್ನು ಸೇರುತ್ತದೆ.

ಬೆಳಿಗ್ಗೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಸಿಕೊಂಡು ಭಾಲ್ಕಿಗೆ ಬಂದು, ಅಲ್ಲಿಂದ ಬ್ಯಾಲಹಳ್ಳಿಯ ಹತ್ತಿರವಿರುವ ಕಾರಂಜಾ ಜಲಾಶಯಕ್ಕೆ ಹೋದೆವು. ಏರಿಯ ಮೇಲೆ ನಿಂತಾಗ ಮೊಮ್ಮಗಳು ಕೇಳಿದಳು: "ಇದರಲ್ಲಿ ಎಷ್ಟು ನೀರು ಹಿಡಿಯುತ್ತೆ?"

ತುಂಬಿದಾಗ 7.69 ಟಿಎಂಸಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಲೀಟರಿನ ಲೆಕ್ಕದಲ್ಲಿ ಸುಮಾರು 2,830 ಕೋಟಿ ಲೀಟರ್. ಮೊಮ್ಮಗಳು ಅಲ್ಲೇ ಕೂತು ಗುಣಿಸಿದಳು. ಸೊನ್ನೆಗಳು ಹೆಚ್ಚಾಗಿ ನಗತೊಡಗಿದಳು. ಮಕ್ಕಳೇ, ನೀವೂ ಒಮ್ಮೆ ಗುಣಿಸಿ ನೋಡಿ.

ಮೊಮ್ಮಗ ಗಾಳ ಬಿಚ್ಚಲು ಹೊರಟಾಗ ತಡೆದೆ. ಜಲಾಶಯದ ಮೀನಿಗೆ ಹಕ್ಕುದಾರರಿದ್ದಾರೆ. ಮೀನುಗಾರಿಕೆ ಇಲಾಖೆಯಿಂದ ಪರವಾನಗಿ ಪಡೆದವರು ಬಿತ್ತನೆಮರಿ ಬಿಟ್ಟು, ಬೆಳೆಸಿ, ಹಿಡಿಯುತ್ತಾರೆ. ಅವರ ಹೊಲದಲ್ಲಿ ನಾವು ಕೇಳದೆ ತೆನೆ ಮುರಿಯುತ್ತೇವೆಯೇ? ಇದೂ ಹಾಗೆಯೇ.

ಮೂರಂತಸ್ತಿನ ಮನೆ

ದಂಡೆಗೆ ಆಗತಾನೆ ಬಂದ ಬುಟ್ಟಿಯಲ್ಲಿ ಮೂರು ಜಾತಿಯ ಮೀನುಗಳಿದ್ದವು: ಕಟ್ಲಾ, ರೋಹು, ಮೃಗಾಲ್. ಮೂರನ್ನೂ ಪಕ್ಕಪಕ್ಕ ಇಡಿಸಿ, "ಬಾಯಿ ನೋಡಿ" ಎಂದೆ.

ಕಟ್ಲಾದ ಬಾಯಿ ಮೇಲಕ್ಕೆ ತೆರೆದಿದೆ, ತಲೆ ದೊಡ್ಡದು. ಅದು ನೀರಿನ ಮೇಲ್ಪದರದಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ತಿನ್ನುತ್ತದೆ. ರೋಹು ನಡುವಿನ ನೀರಿನದು. ಮೃಗಾಲ್‌ನ ಬಾಯಿ ಕೆಳಗೆ. ಅದು ತಳದ ಕೆಸರಿನಲ್ಲಿ ಕೊಳೆತದ್ದನ್ನು ಹೆಕ್ಕಿ ತಿನ್ನುತ್ತದೆ. ಒಂದೇ ನೀರು, ಆದರೆ ಮೂರಂತಸ್ತಿನ ಮನೆ. ಒಬ್ಬರ ತಟ್ಟೆಗೆ ಇನ್ನೊಬ್ಬರು ಕೈ ಹಾಕುವುದಿಲ್ಲ. ಅದಕ್ಕೇ ಮೀನು ಸಾಕುವವರು ಈ ಮೂರನ್ನೂ ಕೂಡಿಸಿಯೇ ಬಿಡುತ್ತಾರೆ.

ಈ ಮೂರೂ ಮೂಲತಃ ಗಂಗಾ ಬಯಲಿನ ಕಡೆಯವು. ನದಿಯಲ್ಲಿ ಮಳೆಗಾಲದ ಹೊಸ ನೀರು ಏರಿ ದಂಡೆಯ ಮೇಲೆ ಹರಡಿದಾಗ ಮಾತ್ರ ಮೊಟ್ಟೆ ಇಡುತ್ತವೆ. ನಿಂತ ಕೆರೆಯಲ್ಲಿ ಬೆಳೆಯುತ್ತವೆ, ಆದರೆ ಮರಿ ಮಾಡುವುದಿಲ್ಲ. ಹಾಗಾಗಿ ಒಂದು ಕಾಲದಲ್ಲಿ ಮರಿ ಬೇಕೆಂದರೆ ನದಿಯಿಂದಲೇ ಹಿಡಿದು ತರಬೇಕಿತ್ತು. 1957ರ ಜುಲೈ 10ರಂದು ಒಡಿಶಾದಲ್ಲಿ ವಿಜ್ಞಾನಿಗಳಾದ ಹೀರಾಲಾಲ್ ಚೌಧರಿ ಮತ್ತು ಕೆ. ಎಚ್. ಅಲಿಕುಂಞಿ ಅವರು ಗೆಂಡೆಮೀನಿಗೆ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ, ಕೊಳದಲ್ಲೇ ಮೊಟ್ಟೆ ಇಡುವಂತೆ ಮಾಡಿದರು. ಇಂದು ನಮ್ಮ ಕೆರೆಗಳಿಗೆ ಸಿಗುವ ಬಿತ್ತನೆಮರಿಯ ಹಿಂದೆ ಆ ದಿನದ ಕೆಲಸವಿದೆ. ದೇಶದಲ್ಲಿ ಜುಲೈ 10ನ್ನು ಮೀನು ಕೃಷಿಕರ ದಿನವಾಗಿ ಆಚರಿಸುತ್ತಾರೆ. ನಮ್ಮ ಬೀದರ್ ನಗರಕ್ಕೂ ಈ ವಿದ್ಯೆಯ ನಂಟಿದೆ: ರಾಜ್ಯದ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರಸ್ಥಾನ ಇರುವುದು ಅಲ್ಲೇ.

ಗೆಜ್ಜೆಯ ಹೆಸರಿನ ನದಿ

ಮರುದಿನ ಬೀದರಿನಿಂದ ಔರಾದ್ ಕಡೆಗೆ ಹೋಗುವ ದಾರಿಯಲ್ಲಿ ಕೌಠಾ ಹತ್ತಿರದ ಮಾಂಜ್ರಾ ಸೇತುವೆಗೆ ಹೋದೆವು. ಸೇತುವೆಯ ಮೇಲಿಂದ ನೋಡಿದರೆ ನದಿ ಹರಿಯುತ್ತಿದೆಯೋ ನಿಂತಿದೆಯೋ ತಿಳಿಯುವುದಿಲ್ಲ. ಮೊಮ್ಮಗ ಒಂದು ಒಣ ಎಲೆ ಬಿಟ್ಟ. ಅದು ನೀರಿಗೆ ಬಿದ್ದು, ಸ್ವಲ್ಪ ಹೊತ್ತು ಯೋಚಿಸಿದಂತೆ ನಿಂತು, ಮೆಲ್ಲಗೆ ಪೂರ್ವಕ್ಕೆ ತಿರುಗಿತು.

ಮಹಾರಾಷ್ಟ್ರದವರು ಈ ನದಿಯನ್ನು ಮಾಂಜರಾ ಎನ್ನುತ್ತಾರೆ, ತೆಲಂಗಾಣದವರು ಮಂಜೀರಾ ಎನ್ನುತ್ತಾರೆ, ನಾವು ಮಾಂಜ್ರಾ ಎನ್ನುತ್ತೇವೆ. ಸಂಸ್ಕೃತದಲ್ಲಿ ಮಂಜೀರ ಎಂದರೆ ಕಾಲ್ಗೆಜ್ಜೆ. ಬೀಡ್ ಜಿಲ್ಲೆಯ ಬಾಲಾಘಾಟ್ ಬೆಟ್ಟಸಾಲಿನಲ್ಲಿ ಸುಮಾರು 823 ಮೀಟರ್ ಎತ್ತರದಲ್ಲಿ ಹುಟ್ಟಿ, ಲಾತೂರ್ ಸೀಮೆ ದಾಟಿ, ನಮ್ಮ ಜಿಲ್ಲೆಯನ್ನು ಹಾದು, ತೆಲಂಗಾಣಕ್ಕೆ ಹೋಗಿ ಗೋದಾವರಿಗೆ ಸೇರುತ್ತದೆ. ಒಟ್ಟು ದಾರಿ ಸುಮಾರು 724 ಕಿಲೋಮೀಟರ್. ಲೆಕ್ಕ ಹಾಕಿದರೆ ಒಂದು ಕಿಲೋಮೀಟರ್ ನಡೆಯುವಷ್ಟರಲ್ಲಿ ಈ ನದಿ ಸರಾಸರಿ ಒಂದು ಮೀಟರಿನಷ್ಟೂ ಕೆಳಗಿಳಿಯುವುದಿಲ್ಲ. ಇಷ್ಟು ಕಡಿಮೆ ಇಳಿಜಾರಿನಲ್ಲಿ ಓಡುವುದು ಹೇಗೆ? ಜೊತೆಗೆ ನಡುನಡುವೆ ಕಟ್ಟಿದ ಬ್ಯಾರೇಜುಗಳು ನೀರನ್ನು ಮತ್ತಷ್ಟು ನಿಲ್ಲಿಸುತ್ತವೆ. ರೈತರಿಗೆ, ಕುಡಿಯುವ ನೀರಿಗೆ ಅವು ಬೇಕು. ಆದರೆ ಹೊಸ ನೀರಿಗೆ ಎದುರೀಜಿ ಮೇಲೆ ಹೋಗಬೇಕೆನ್ನುವ ಮೀನಿಗೆ ಅವು ಗೋಡೆ.

ನಿಧಾನದ ನೀರಿನ ಮೀನುಗಳೇ ಬೇರೆ. ಕಾವೇರಿ, ಕಬಿನಿಯ ಬಂಡೆಗಳ ನಡುವಿನ ರಭಸದ ನೀರಿನಲ್ಲಿ ಮಹಶೀರ್ ಇರುತ್ತದೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳ ಹಾಕಿ 120 ಪೌಂಡ್, ಎಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಹಿಡಿದಿದ್ದರು. ಅಂಥ ಮೀನಿಗೆ ಉಸಿರಾಟಕ್ಕೆ ನೊರೆ ಏಳುವ ತಣ್ಣನೆಯ ನೀರು ಬೇಕು. ಮಾಂಜ್ರಾದ ಬೆಚ್ಚಗಿನ, ಮಂದ ನೀರಿನಲ್ಲಿ ಕರಗಿದ ಆಮ್ಲಜನಕ ಕಡಿಮೆ. ಹೀಗಾಗಿ ಇಲ್ಲಿ ಮೇಲೆ ಬಂದು ಗಾಳಿಯನ್ನೇ ನುಂಗಿ ಉಸಿರಾಡಬಲ್ಲ ಮೀನುಗಳಿಗೆ ಅನುಕೂಲ ಹೆಚ್ಚು. ಅವುಗಳಲ್ಲಿ ದೊಡ್ಡದು ಕೊರವ. ನಮ್ಮ ಕಡೆಯ ಸಂತೆಯಲ್ಲಿ ಮರಲ್ ಎಂದರೂ ತಿಳಿಯುತ್ತದೆ. ತೆಲುಗಿನವರು ಕೊರ್ರಮೀನು ಎನ್ನುತ್ತಾರೆ, ಅದು ತೆಲಂಗಾಣದ ರಾಜ್ಯಮೀನೂ ಹೌದು. ಹಾವಿನ ತಲೆಯಂಥ ತಲೆ, ಉದ್ದನೆಯ ಮೈ, ಜೊಂಡಿನ ನಡುವೆ ಅಲುಗದೆ ಕಾಯುವ ತಾಳ್ಮೆ.

ಅರಸರ ಗಾಳ

ಸೇತುವೆಯಿಂದ ಸ್ವಲ್ಪ ದೂರ ನಡೆದರೆ ಜೊಂಡು ಬೆಳೆದ ಒಂದು ಮಡು. ಅಲ್ಲಿ ತಲೆಗೆ ಟವೆಲ್ ಸುತ್ತಿಕೊಂಡ ಹಿರಿಯರೊಬ್ಬರು ಗಾಳ ಹಾಕಿ ಕೂತಿದ್ದರು. ಮಕ್ಕಳು ಅವರನ್ನು ಕಾಕಾ ಎಂದು ಕರೆದದ್ದೇ ತಡ, ಅವರು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.

"ಕೂಡ್ರಿ, ಕೂಡ್ರಿ. ಖರೆ ಗದ್ದಲ ಮಾಡಬ್ಯಾಡ್ರಿ. ನೆರಳು ನೀರಿನ ಮ್ಯಾಲ ಬೀಳಬಾರದು. ಮೀನಿಗಿ ಕಣ್ಣು ಭಾಳ ಚುರುಕು."

ಕೊಕ್ಕೆಗೆ ಎರೆಹುಳು ಸಿಗಿಸುವುದನ್ನು ಅವರೇ ಕಲಿಸಿದರು. ಗೆಂಡೆಮೀನಿಗೆ ಹಿಟ್ಟಿನ ಉಂಡೆ, ಮೀಸೆ ಮೀನಿಗೆ ಎರೆಹುಳು, ಕೊರವನಿಗೆ ಸಣ್ಣ ಮೀನು ಇಲ್ಲವೆ ಕಪ್ಪೆ. ಒಂದೊಂದಕ್ಕೂ ಒಂದೊಂದು ರುಚಿ.

ಬೆಂಡು ಅಲುಗದೆ ನಿಂತಿತ್ತು. ಕಾಯುವ ಬೇಸರ ಕಳೆಯಲಿ ಎಂದು ಮಕ್ಕಳಿಗೆ ಒಂದು ಹಳೆಯ ಸಂಗತಿ ಹೇಳಿದೆ. ನಮ್ಮ ಜಿಲ್ಲೆಯ ಬಸವಕಲ್ಯಾಣ ಒಂದು ಕಾಲಕ್ಕೆ ಕಲ್ಯಾಣದ ಚಾಲುಕ್ಯರ ರಾಜಧಾನಿ. ಅಲ್ಲಿ ಆಳಿದ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ 'ಮಾನಸೋಲ್ಲಾಸ' ಎಂಬ ದೊಡ್ಡ ಸಂಸ್ಕೃತ ಗ್ರಂಥ ಬರೆದ. ಆಡಳಿತ, ಅಡುಗೆ, ಸಂಗೀತ, ಆಟೋಟ ಎಲ್ಲವೂ ಅದರಲ್ಲಿವೆ. ಅರಸನ ವಿನೋದಗಳನ್ನು ಹೇಳುವಲ್ಲಿ ಮತ್ಸ್ಯವಿನೋದವೂ ಒಂದು. ಮೀನಿನ ಜಾತಿಗಳು, ಯಾವ ಮೀನಿಗೆ ಯಾವ ಆಹಾರ ಕೊಡಬೇಕು, ಗಾಳದಿಂದ ಹೇಗೆ ಹಿಡಿಯಬೇಕು ಎಂಬುದೆಲ್ಲ ಅಲ್ಲಿದೆ.

"ಅಂದ್ರೆ ಒಂಬೈನೂರು ವರ್ಷದ ಹಿಂದೆ ಇಲ್ಲೇ ಹತ್ತಿರ ಒಬ್ಬ ರಾಜ ಹಿಂಗೇ ಗಾಳದ ವಿಚಾರ ಬರೆದಿದ್ನಾ?" ಎಂದ ಮೊಮ್ಮಗ.

ಕಾಕಾ ನಕ್ಕರು. "ರಾಜಗ ವಿನೋದ. ನಮಗ ಸಂಜಿ ಊಟ. ಮೀನಿಗಿ ಮಾತ್ರ ಎರಡೂ ಒಂದೇ ನೋಡಪಾ."

ಮಳೆಯಿಲ್ಲದೆ ಬಿದ್ದ ಹನಿಗಳು

ಒಂದೂವರೆ ಗಂಟೆ ಕಳೆಯಿತು. ಒಂದು ಮೀನೂ ಕಚ್ಚಲಿಲ್ಲ. ಮೊಮ್ಮಗನ ಮುಖ ಸಣ್ಣದಾಗಿತ್ತು. ಅಷ್ಟರಲ್ಲಿ ಮೊಮ್ಮಗಳು ಜೊಂಡಿನ ಹತ್ತಿರ ಕೈ ತೋರಿಸಿದಳು.

"ಮುತ್ಯಾ, ಅಲ್ಲಿ ಮಾತ್ರ ಮಳೆ ಬೀಳ್ತಿದೆ!"

ಮೋಡವಿರಲಿಲ್ಲ. ಆದರೂ ಒಂದು ಮೊರದಗಲದ ಜಾಗದಲ್ಲಿ ನೀರಿನ ಮೇಲೆ ಹನಿ ಬಿದ್ದಂತೆ ಪುಟ್ಟ ಪುಟ್ಟ ಉಂಗುರಗಳು. ಕಣ್ಣು ಕಿರಿದು ಮಾಡಿ ನೋಡಿದರೆ ನೀರಿನೊಳಗೆ ಕೆಂಪು ಬಣ್ಣದ ಒಂದು ಉಂಡೆ. ಅದು ಒಮ್ಮೆ ಉದ್ದವಾಗುತ್ತಿತ್ತು, ಒಮ್ಮೆ ಗುಂಡಗಾಗುತ್ತಿತ್ತು, ಮೆಲ್ಲಗೆ ಸರಿಯುತ್ತಿತ್ತು.

"ಕೊರವನ ಮರಿಗೋಳು," ಎಂದರು ಕಾಕಾ ಪಿಸುಮಾತಿನಲ್ಲಿ. "ಉಸಿರು ತೊಗೊಳ್ಳಾಕ ಮ್ಯಾಲ ಬರ್ಲತ್ತಾವ. ಅವ್ವ, ಅಪ್ಪ ಎರಡೂ ಕೆಳಗ ಅದಾವ. ಕಾಯ್ಲತ್ತಾವ."

ಕೊರವ ಜೊಂಡಿನ ನಡುವೆ ಜಾಗ ಸ್ವಚ್ಛ ಮಾಡಿ ಮೊಟ್ಟೆ ಇಡುತ್ತದೆ. ಮೊಟ್ಟೆ ತೇಲುತ್ತದೆ. ಮರಿಯಾದ ಮೇಲೂ ತಂದೆ ತಾಯಿ ಬಿಟ್ಟು ಹೋಗುವುದಿಲ್ಲ. ಮರಿಗಳ ಗುಂಪಿನ ಕೆಳಗೇ ಈಜುತ್ತ, ಹತ್ತಿರ ಬಂದ ಕಪ್ಪೆ, ಮೀನು ಯಾವುದಾದರೂ ಮೇಲೆ ಬಿದ್ದು ಓಡಿಸುತ್ತವೆ. ಮರಿಗಳು ತಾವೇ ಬೇಟೆಯಾಡುವಷ್ಟು ಬೆಳೆದ ಮೇಲೆಯೇ ಈ ಕಾವಲು ಮುಗಿಯುವುದು.

ಮೊಮ್ಮಗ ಚುರುಕಾದ. "ಹತ್ತಿರ ಬಂದದ್ದನ್ನೆಲ್ಲ ಕಚ್ಚುತ್ತೆ ಅಂದ್ರೆ, ಗಾಳ ಅಲ್ಲೇ ಇಳಿಬಿಟ್ರೆ ದೊಡ್ಡ ಮೀನು ಸಿಕ್ಕೇ ಸಿಗುತ್ತೆ ಅಲ್ವಾ?"

ಅವನ ಮಾತು ನಿಜ. ಅದು ನನಗೂ ಗೊತ್ತಿತ್ತು. ಕಾಕಾ ನನ್ನ ಮುಖ ನೋಡಿದರು. ಅವನು ಮೊದಲ ದಿನ ಕೇಳಿದ ಪ್ರಶ್ನೆಗೆ ಉತ್ತರ ಹೇಳುವ ಹೊತ್ತು ಬಂದಿತ್ತು.

ನನಗಾಗ ಹನ್ನೊಂದು ವರ್ಷ. ಇದೇ ನದಿ, ಇಂಥದೇ ಜೊಂಡು, ಇಂಥದೇ ಕೆಂಪು ಉಂಡೆ. ನಾನು ಅದರ ಪಕ್ಕಕ್ಕೇ ಗಾಳ ಇಳಿಬಿಟ್ಟೆ. ಕ್ಷಣದಲ್ಲಿ ಕೋಲು ಬಾಗಿತು. ನನ್ನ ತೋಳಿನಷ್ಟು ಉದ್ದದ ಕೊರವ. ದಾರಿಯುದ್ದಕ್ಕೂ ಕಂಡವರಿಗೆಲ್ಲ ತೋರಿಸುತ್ತ ಮನೆಗೆ ತಂದೆ. ಮರುದಿನ ಇನ್ನೊಂದು ಸಿಗಬಹುದೆಂದು ಹೋದರೆ, ಅದೂ ಸಿಕ್ಕಿತು. ಮೂರನೆಯ ದಿನ ಹೋದಾಗ ಉಂಡೆ ಒಡೆದಿತ್ತು. ಮರಿಗಳು ನಾಲ್ಕು ಇಲ್ಲಿ, ಐದು ಅಲ್ಲಿ ಚದುರಿದ್ದವು. ಬೆಳ್ಳಕ್ಕಿಗಳು ಸಾಲಾಗಿ ನಿಂತು ಹೆಕ್ಕುತ್ತಿದ್ದವು, ಕೆಳಗಿನಿಂದ ಬೇರೆ ಮೀನುಗಳು ಎಗರುತ್ತಿದ್ದವು. ಕಲ್ಲು ಎಸೆದು ಬೆಳ್ಳಕ್ಕಿ ಓಡಿಸಿದೆ. ಅವು ಮತ್ತೆ ಬಂದವು. ನಾಲ್ಕನೆಯ ದಿನ ಅಲ್ಲಿ ಒಂದು ಉಂಗುರವೂ ಏಳಲಿಲ್ಲ.

ಮನೆಗೆ ಬಂದು ಅತ್ತೆ. ನನ್ನ ಮುತ್ಯಾ ಬೈಯಲಿಲ್ಲ. "ಎರಡು ಮೀನ ತಂದೀನಿ ಅಂತ ತಿಳಕೊಂಡಿದ್ದಿ. ಲೆಕ್ಕ ತಪ್ಪ್ಯದ ತಮ್ಮಾ" ಎಂದಷ್ಟೇ ಹೇಳಿದರು. ಆ ಸಂಜೆ ಗಾಳವನ್ನು ಜಂತಿಗೆ ಸಿಗಿಸಿದೆ.

ಇಷ್ಟು ಹೇಳಿ ಸುಮ್ಮನಾದೆ. ಗಾಳ ಅವನ ಕೈಯಲ್ಲಿತ್ತು. 'ಹಾಕಬೇಡ' ಎಂದು ನಾನು ಹೇಳಲಿಲ್ಲ. ಮೊಮ್ಮಗ ಉಂಗುರಗಳನ್ನು ಬಹಳ ಹೊತ್ತು ನೋಡಿದ. ಆಮೇಲೆ ದಾರ ಸುತ್ತಿಕೊಂಡು ಎದ್ದ. "ಕಾಕಾ, ಬೇರೆ ಕಡೆ ಜಾಗ ತೋರಿಸ್ತೀರಾ?"

ಕಾಕಾ ಮಾತಾಡದೆ ಎದ್ದು, ತಮ್ಮ ಗಾಳವನ್ನೂ ಎತ್ತಿಕೊಂಡು ಮುಂದೆ ನಡೆದರು.

ಜಿಲೇಬಿಯ ಬಾಯಿ

ಮಡುವಿನ ಇನ್ನೊಂದು ತುದಿಯಲ್ಲಿ ಹತ್ತೇ ನಿಮಿಷಕ್ಕೆ ಬೆಂಡು ಮುಳುಗಿತು. ಅಂಗೈಯಗಲದ ಜಿಲೇಬಿ ಮೀನು. ಇದು ಆಫ್ರಿಕಾದ ತಿಲಾಪಿಯಾ. 1952ರಲ್ಲಿ ನಮ್ಮ ದೇಶಕ್ಕೆ ತಂದದ್ದು ಈಗ ಎಲ್ಲೆಡೆ ತುಂಬಿಕೊಂಡು, ಸ್ಥಳೀಯ ಮೀನುಗಳ ಜಾಗ, ಆಹಾರ ಎರಡನ್ನೂ ಕಸಿಯುತ್ತಿದೆ.

ಮೊಮ್ಮಗಳು ಅನುಮಾನದಿಂದ ಕೇಳಿದಳು: "ಇದಕ್ಕೂ ಮರಿ ಇದ್ರೆ?"

ಕಾಕಾ ಅದರ ಬಾಯಿ ಅಗಲಿಸಿ ತೋರಿಸಿದರು. ಈ ಜಾತಿಯ ತಾಯಿ ಮೊಟ್ಟೆ, ಮರಿಗಳನ್ನು ಬಾಯಲ್ಲೇ ಇಟ್ಟುಕೊಂಡು ಸಾಕುತ್ತದೆ. ಅಷ್ಟು ದಿನ ಅದು ಸರಿಯಾಗಿ ಊಟವನ್ನೂ ಮಾಡುವುದಿಲ್ಲ. ಇದರ ಬಾಯಿ ಖಾಲಿ ಇತ್ತು. "ಒಯ್ಯಿ ತಂಗಿ, ಏನೂ ಅಡ್ಡಿಯಿಲ್ಲ" ಎಂದರು. ಇನ್ನೂ ಮೂರು ಸಿಕ್ಕವು. ಬೆರಳುದ್ದದ ಒಂದು ಮೀಸೆ ಮೀನು ಸಿಕ್ಕಾಗ ಮೊಮ್ಮಗ ತಾನಾಗಿಯೇ ಕೈ ನೆನೆಸಿಕೊಂಡು, ಕೊಕ್ಕೆ ಬಿಡಿಸಿ, ನೀರಿಗೆ ಬಿಟ್ಟ. ಒಣಗೈಯಲ್ಲಿ ಹಿಡಿದರೆ ಮೀನಿನ ಮೈಮೇಲಿನ ಲೋಳೆ ಕಿತ್ತುಹೋಗುತ್ತದೆ, ಆ ಲೋಳೆಯೇ ಅದಕ್ಕೆ ರೋಗ ತಡೆಯುವ ಅಂಗಿ ಎಂದು ಕಾಕಾ ಕಲಿಸಿದ್ದರು.

ಮಡು ಎಂಬ ಬೀಜದ ಗುಡಾಣ

ಹೊರಡುವಾಗ ಕಾಕಾ ಮಡುವಿನ ಕಡೆ ನೋಡಿ, "ಇದು ಉಳದ್ರ ನದಿ ಉಳದಂಗ" ಎಂದರು. ಆ ಮಾತಿನ ಅರ್ಥ ತಿಳಿಯಬೇಕಾದರೆ 2016ರ ಬೇಸಿಗೆಯನ್ನು ನೆನೆಯಬೇಕು. ಆಗ ಮೇಲ್ಭಾಗದಲ್ಲಿ ಮಾಂಜರಾ ಅಣೆಕಟ್ಟೆ ಬರಿದಾಗಿ, ನೆರೆಯ ಲಾತೂರಿಗೆ ಮೀರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರು ತಂದರು. ಏಪ್ರಿಲ್‌ನಲ್ಲಿ ಬಂದ ಮೊದಲ ರೈಲಿನಲ್ಲಿ ಹತ್ತು ಟ್ಯಾಂಕರ್, ಸುಮಾರು ಐದು ಲಕ್ಷ ಲೀಟರ್ ನೀರು. ಮನುಷ್ಯರಿಗೆ ರೈಲು ಬಂತು. ಮೀನಿಗೆ ಯಾರು ತರುತ್ತಾರೆ?

ನದಿ ಬತ್ತಿದಾಗ ಮೀನುಗಳು ಆಳದ ಮಡುಗಳಿಗೆ ಸೇರಿಕೊಳ್ಳುತ್ತವೆ. ನಮ್ಮ ಹಿರಿಯರು ಮುಂದಿನ ಬಿತ್ತನೆಗೆಂದು ಬೀಜದ ಕಾಳನ್ನು ಗುಡಾಣದಲ್ಲಿ ಬೂದಿ ಬೆರೆಸಿ ಇಡುತ್ತಿದ್ದರಲ್ಲ, ಹಾಗೆ. ಮಿರಗದ ಮಳೆ ಸುರಿದು ಹೊಸ ನೀರು ಬಂದಾಗ ಆ ಮಡುವಿನಿಂದಲೇ ನದಿಯೆಲ್ಲ ಮತ್ತೆ ಮೀನಾಗುತ್ತದೆ. ಬರಗಾಲದಲ್ಲೂ ಬೀಜದ ಕಾಳನ್ನು ಕುದಿಸಿ ತಿನ್ನುವ ರೈತನಿಲ್ಲ. ಆದರೆ ಬೇಸಿಗೆಯ ಮಡುವಿಗೆ ವಿಷ ಹಾಕಿ, ಸಿಡಿಮದ್ದು ಎಸೆದು, ಇದ್ದಬದ್ದದ್ದನ್ನೆಲ್ಲ ಬಾಚುವವರು ಇದ್ದಾರೆ. ಇದು ಇಂದು ನಿನ್ನೆ ಬಂದ ಅಪರಾಧವಲ್ಲ: 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ಸಿಡಿಮದ್ದು ಮತ್ತು ವಿಷ ಬಳಸಿ ಮೀನು ಹಿಡಿಯುವುದನ್ನು ಅಪರಾಧವೆಂದು ಹೇಳಿದೆ. ಮರಳು ತೆಗೆದು ದಂಡೆ ಕುಸಿದರೆ, ಜೊಂಡೆಲ್ಲ ಕಿತ್ತು ಬರಿದು ಮಾಡಿದರೆ, ಕೊರವ ಮೊಟ್ಟೆ ಇಡಲು ಜಾಗವೇ ಉಳಿಯುವುದಿಲ್ಲ.

ಮಕ್ಕಳೇ, ನೀವು ಯಾವ ಊರಿನವರೇ ಆಗಿರಿ, ನದಿಗೆ ಹೋದರೆ ಈ ಮಾತು ನೆನಪಿಡಿ. ದೊಡ್ಡವರಿಲ್ಲದೆ ದಂಡೆಗೆ ಹೋಗಬೇಡಿ. ನಿಧಾನದ ನದಿಯನ್ನು ನಂಬಿ ನೀರಿಗೆ ಇಳಿಯಬೇಡಿ. ಮರಳು ತೆಗೆದ ಗುಂಡಿಗಳು ಮೇಲಿನಿಂದ ಕಾಣುವುದಿಲ್ಲ. ತುಂಡಾದ ನೈಲಾನ್ ದಾರವನ್ನು ಅಲ್ಲೇ ಬಿಟ್ಟು ಬರಬೇಡಿ, ಅದು ಹಕ್ಕಿಯ ಕಾಲಿಗೆ, ಆಮೆಯ ಕೊರಳಿಗೆ ಸುತ್ತಿಕೊಳ್ಳುತ್ತದೆ. ತಿನ್ನುವಷ್ಟು ಮಾತ್ರ ಹಿಡಿಯಿರಿ. ಮಳೆಯಿಲ್ಲದ ಕಡೆ ಹನಿ ಬಿದ್ದಂತೆ ಕಂಡರೆ, ಗಾಳ ಎತ್ತಿಕೊಂಡು ಹತ್ತು ಹೆಜ್ಜೆ ಆಚೆ ಹೋಗಿ. ಮತ್ತೆ, ಅಜ್ಜ ಅಜ್ಜಿಯರೇ, ನಿಮ್ಮ ಹಳೆಯ ಗಾಳದ ಕಥೆಯಲ್ಲಿ ನೀವು ಗೆದ್ದದ್ದನ್ನು ಮಾತ್ರವಲ್ಲ, ತಪ್ಪಿದ್ದನ್ನೂ ಮೊಮ್ಮಕ್ಕಳಿಗೆ ಹೇಳಿ.

ಅಂದು ರಾತ್ರಿ ಭಾತಂಬ್ರಾದ ಮನೆಯಲ್ಲಿ ನಾಲ್ಕು ಜಿಲೇಬಿ ಮೀನಿಗೆ ಖಾರ ಹಚ್ಚಿ ಹುರಿದು, ಜೋಳದ ರೊಟ್ಟಿಯ ಜೊತೆ ಎಲ್ಲರೂ ಪಾಲು ಮಾಡಿಕೊಂಡು ತಿಂದೆವು. ಊಟವಾದ ಮೇಲೆ ಮೊಮ್ಮಗ ದಾರ ತೊಳೆದು ಒಣಗಿಸಿ, ಕೋಲಿಗೆ ಸುತ್ತಿ, ಕೊಟ್ಟಿಗೆಯ ಜಂತಿಗೆ ಸಿಗಿಸಲು ಹೊರಟ. ಕೈಗೆಟುಕಲಿಲ್ಲ. ನಾನು ಎತ್ತಿಕೊಂಡೆ.

"ಮುತ್ಯಾ, ಬೇಸಿಗೆ ರಜೆಗೂ ಬರ್ತೀನಿ," ಎಂದ. "ಗಾಳ ಹಾಕೋಕಲ್ಲ. ಆ ಮಡುವಿನಲ್ಲಿ ಆಗ ಎಷ್ಟು ನೀರಿರುತ್ತೆ ಅಂತ ನೋಡಬೇಕು."